ಟರಾಂಟುಲಾ ಕೂದಲು ಕಣ್ಣಿಗೆ ಹೋದ್ರೆ ಏನ್ಮಾಡೋದು?

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ. ನನ್ ತಮ್ಮ ಮೆಕ್ಸಿಕನ್ ರೆಡ್ ನೀ ಟರಾಂಟುಲಾ ಅನ್ನೋ ದೊಡ್ಡ ಜೇಡ ಸಾಕಿದಾನೆ. ನೀರಿನ ಬಟ್ಟಲು ತೆಗೆಯೋಕೆ ಅಂತ ಟ್ಯಾಂಕ್ ಒಳಗೆ ಬಗ್ಗಿದಾಗ ಅದು ಹಿಂಗಾಲಲ್ಲಿ ತನ್ನ ಹೊಟ್ಟೆ ಪರಪರ ಉಜ್ಜಿಕೊಳ್ತಂತೆ ಅಷ್ಟೇ, ಕಚ್ಚಿಲ್ಲ. ಅವತ್ತಿಂದ ಬಲಗಣ್ಣು ಕೆಂಪು, ನೀರು ಸುರೀತಾನೇ ಇದೆ, ಲೈಟ್ ನೋಡಕ್ಕಾಗಲ್ಲ. ಕಣ್ಬೇನೆ ಅಂತ ಆಂಟಿಬಯೋಟಿಕ್ ಡ್ರಾಪ್ಸ್ ಕೊಟ್ರು, ವಾರಗಟ್ಟಲೆ ಹಾಕಿದ್ರೂ ಕಮ್ಮಿ ಆಗ್ತಿಲ್ಲ. ಜೇಡಕ್ಕೂ ಇದಕ್ಕೂ ಸಂಬಂಧ ಇರಬಹುದಾ?

ಕಣ್ಣಿನ ಡಾಕ್ಟರ್: ಖಂಡಿತ ಇರಬಹುದಮ್ಮ. ಅದು ಕೆರ್ಕೊಂಡಿದ್ದಲ್ಲ, ಹೆದರಿಕೊಂಡು ಕೂದಲು ಹಾರಿಸಿದ್ದು. ಅಮೆರಿಕ ಖಂಡಗಳ ಟರಾಂಟುಲಾಗಳಲ್ಲಿ ಹೆಚ್ಚಿನವಕ್ಕೆ ಹೊಟ್ಟೆ ಮೇಲೆ ಇಂಥ ಕೂದಲಿರುತ್ತೆ, ಬರಿಗಣ್ಣಿಗೆ ಒಂದೊಂದಾಗಿ ಕಾಣೋದೇ ಕಷ್ಟ, ಒಂದೊಂದು ಕೂದಲಿಗೂ ಸಣ್ಣ ಸಣ್ಣ ಕೊಕ್ಕೆ, ಹಾಗಾಗಿ ಕಾರ್ನಿಯಾಗೆ, ಅಂದ್ರೆ ಕಣ್ಣಿನ ಮುಂದಿನ ತಿಳಿ ಪದರಕ್ಕೆ, ಚುಚ್ಚಿಕೊಂಡ್ರೆ ವಾಪಸ್ ಬರಲ್ಲ, ಕಣ್ಣು ಉಜ್ಜಿದಷ್ಟೂ ಒಳಗೇ ಸರಿಯುತ್ತೆ, ಕೆಲವರಲ್ಲಿ ಕಣ್ಣಿನ ಹಿಂಭಾಗದ ರೆಟಿನಾ ತನಕ ಹೋಗಿದ್ದೂ ಇದೆ. ಇಂಗ್ಲೆಂಡಿನ ಲೀಡ್ಸ್‌ನ ಆಸ್ಪತ್ರೆಗೆ ಬಂದಿದ್ದ 29 ವರ್ಷದ ಒಬ್ಬರ ಕೇಸ್ 2010ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತ್ತು, ಅವರಿಗೂ ಮೊದಲು ಕೊಟ್ಟಿದ್ದು ಆಂಟಿಬಯೋಟಿಕ್ಕೇ, ಕಮ್ಮಿ ಆಗದೆ ಇದ್ದಾಗ ದೊಡ್ಡದು ಮಾಡಿ ನೋಡಿದ್ರೆ ಕಾರ್ನಿಯಾ ತುಂಬಾ ಕೂದಲು. ದಯವಿಟ್ಟು ಇವತ್ತೇ ಕಣ್ಣಿನ ಸ್ಪೆಷಲಿಸ್ಟ್ ಹತ್ರ ಕರ್ಕೊಂಡು ಹೋಗಿ, ಹೋದ ತಕ್ಷಣ ಜೇಡದ ವಿಷಯ ಹೇಳಿ, ಸ್ಲಿಟ್ ಲ್ಯಾಂಪ್‌ನಲ್ಲಿ (ಕಣ್ಣನ್ನ ದೊಡ್ಡದು ಮಾಡಿ ತೋರಿಸೋ ಮೆಷಿನ್) ಹುಡುಕಿ ನೋಡಬೇಕಾಗುತ್ತೆ. ಹೇಳದೇ ಇದ್ರೆ ಎಂಥಾ ಡಾಕ್ಟ್ರಿಗೂ ಹೊಳೆಯೋದು ಕಷ್ಟ.

ಪ್ರಶ್ನೆ: ಚಿಮಟದಲ್ಲಿ ಕಿತ್ತು ಹಾಕಕ್ಕಾಗಲ್ವಾ? ಮನೇಲಿ ಅಮ್ಮಂದು ಸ್ಟೀರಾಯ್ಡ್ ಡ್ರಾಪ್ಸ್ ಉಳಿದಿದೆ, ಅಲ್ಲೀತನಕ ಅದನ್ನ ಹಾಕ್ಲಾ?

ಕಣ್ಣಿನ ಡಾಕ್ಟರ್: ಬೇಡಮ್ಮ, ಎರಡೂ ಬೇಡ. ಹೊರಗೆ ಚಾಚಿಕೊಂಡಿರೋ ಕೂದಲನ್ನ ಡಾಕ್ಟ್ರು ಮೈಕ್ರೋಸ್ಕೋಪ್‌ನಲ್ಲಿ ನೋಡ್ಕೊಂಡು ತೆಗೀತಾರೆ, ಆಳಕ್ಕೆ ಹೋಗಿರೋದನ್ನ ಎಷ್ಟೋ ಸಲ ಹಾಗೇ ಬಿಟ್ಟು ಊತ ಇಳಿಸೋಕೆ ನೋಡ್ತಾರೆ. ಅದಕ್ಕೆ ಕೊಡೋದು ಸ್ಟೀರಾಯ್ಡ್ ಡ್ರಾಪ್ಸೇ, ನಿಜ, ಆದ್ರೆ ಒಳಗೆ ಇನ್ಫೆಕ್ಷನ್ ಇದ್ರೆ ಅದೇ ಡ್ರಾಪ್ಸ್ ಕಣ್ಣನ್ನ ಹಾಳು ಮಾಡುತ್ತೆ, ಕಣ್ಣಿನ ಪ್ರೆಶರ್ ಕೂಡ ಏರಬಹುದು. ನೋಡದೆ ಹಾಕೋ ಔಷಧಿ ಅಲ್ಲ ಅದು. ಕೆಂಪು ಹೋಯ್ತು ಅಂತ ಫಾಲೋಅಪ್ ಬಿಡಬೇಡಿ, ತಿಂಗಳುಗಳಾದ ಮೇಲೂ ಮತ್ತೆ ಕೆರಳಬಹುದು.

ಇನ್ನೊಬ್ಬರು: ಸರ್, ನಾನೂ ಸಾಕಿದೀನಿ, ಅದು ಪೊರೆ ಬಿಟ್ಟಿದೆ. ಆ ಪೊರೆ ಬರಿಗೈಲಿ ಮುಟ್ಟಬಹುದಾ?

ಕಣ್ಣಿನ ಡಾಕ್ಟರ್: ಮುಟ್ಟಬೇಡಿ, ಪೊರೆಯಲ್ಲೂ ಟ್ಯಾಂಕಿನ ಮಣ್ಣಲ್ಲೂ ಅದೇ ಕೂದಲು ಇರುತ್ತೆ. ಗ್ಲೌಸ್ ಹಾಕ್ಕೊಳಿ, ಕಣ್ಣಿಗೆ ಸುತ್ತಲೂ ಮುಚ್ಚೋ ಗಾಗಲ್ಸ್, ಮುಖ ಟ್ಯಾಂಕಿನಿಂದ ದೂರ ಇರಲಿ, ಕೈ ಸೋಪು ಹಾಕಿ ತೊಳೆಯೋ ತನಕ ಕಣ್ಣು ಮುಟ್ಟಬೇಡಿ. ಬಿದ್ದೇ ಬಿಡ್ತು ಅನ್ನಿಸಿದ್ರೆ ಉಜ್ಜದೆ ಶುದ್ಧ ನೀರಲ್ಲಿ ತೊಳೀತಾ ಇರಿ, ಕಾಂಟ್ಯಾಕ್ಟ್ ಲೆನ್ಸ್ ಇದ್ರೆ ಕೈ ತೊಳ್ಕೊಂಡು ತೆಗೀರಿ, ಆಮೇಲೆ ಸೀದಾ ಕಣ್ಣಿನ ಆಸ್ಪತ್ರೆಗೆ.

ಪ್ರಶ್ನೆ: ಥ್ಯಾಂಕ್ಸ್ ಡಾಕ್ಟ್ರೇ, ಈಗಲೇ ಹೊರಡ್ತಿದೀವಿ.