ಅಪ್‌ಡೇಟ್: ಕಯಾಕ್‌ಗೆ ಒಂದೇ ರೀಲ್ ಸಾಕಾಯ್ತು
ಮಾರ್ಕೋನಹಳ್ಳಿ ಹಿನ್ನೀರಲ್ಲಿ ಕಯಾಕ್‌ನಿಂದ (ಹುಟ್ಟು ಹಾಕೋ ಪುಟ್ಟ ದೋಣಿ) ಮೀನು ಹಿಡಿಯೋಕೆ, ಅಂದ್ರೆ ಗಾಳ ಎಸೆಯೋಕೂ ಟ್ರೋಲಿಂಗಿಗೂ (ಸಾಗುವ ದೋಣಿಯ ಹಿಂದೆ ಲೂರ್ ಎಂಬ ಕೃತಕ ಎರೆ ಎಳೆಯೋದು) ಒಂದೇ ರೀಲ್ ಸಾಕಾ ಅಂತ ಕೇಳಿದ್ದೆ. ಸಾಕು. 4000 ಸೈಜಿನ ಸ್ಪಿನ್ನಿಂಗ್ ರೀಲ್, 20 ಪೌಂಡ್ ತಾಳೋ ಬ್ರೇಡ್ (ಹೆಣೆದ ದಾರ). ಬೇಟ್‌ಕಾಸ್ಟರ್ (ಎಸೆಯುವಾಗ ದಾರದ ಉರುಳೆಯೇ ತಿರುಗೋ ರೀಲ್) ಕೈಬಿಟ್ಟೆ, ಕೂತಲ್ಲೇ ಎದುರುಗಾಳಿಗೆ ಹಗುರ ಲೂರ್ ಎಸೆದರೆ ಬರೀ ಗೋಜಲು.

ಬ್ರೇಡನ್ನು ನೇರವಾಗಿ ಸುತ್ತಿದರೆ ಇಡೀ ಸುತ್ತೇ ಸ್ಪೂಲ್ (ದಾರದ ಉರುಳೆ) ಮೇಲೆ ಜಾರುತ್ತೆ, ನಾವು ಡ್ರ್ಯಾಗ್ (ಮೀನು ಜೋರಾಗಿ ಎಳೆದಾಗ ದಾರ ಬಿಡೋ ಬ್ರೇಕ್) ಕೆಟ್ಟಿದೆ ಅಂತ ಬೈತೀವಿ. ಅಡಿಯಲ್ಲಿ 10 ಸುತ್ತು ಮಾನೋ (ಒಂಟಿ ಎಳೆಯ ನೈಲಾನ್ ದಾರ) ಹಾಕಿ, ಅದರ ಮೇಲೆ ಬ್ರೇಡ್ ಸುತ್ತಿ, ಸ್ಪೂಲಿನ ಅಂಚಿಗೆ 2 ಮಿ.ಮೀ. ಬಿಟ್ಟು ನಿಲ್ಲಿಸಿ. ಎಸೆಯುವಾಗ ಡ್ರ್ಯಾಗ್ 2 ಕೆಜಿ: ಕೊಕ್ಕೆ ತಕ್ಕಡಿಗೆ ದಾರ ಕಟ್ಟಿ ಎಳೆದು ನೋಡಿ, ಬೆರಳಂದಾಜು ಬೇಡ. ಟ್ರೋಲಿಂಗಿಗೆ ರಾಡ್ ಹೋಲ್ಡರಿಗೆ ಸಿಕ್ಕಿಸಿದ ಮೇಲೆ ಡ್ರ್ಯಾಗ್ ಸಡಿಲಿಸಲೇಬೇಕು. ಇಲ್ಲದಿದ್ದರೆ ಲೂರ್ ಮುಳುಗಿದ ಬೊಡ್ಡೆಗೆ ಸಿಕ್ಕಿದಾಗ ಕಯಾಕೇ ವಾಲುತ್ತೆ.

ಸ್ಪಿನ್ನರ್ (ನೀರಲ್ಲಿ ಗಿರಗಿರ ತಿರುಗೋ ಲೂರ್) ಎಳೆದರೆ ದಾರ ಹುರಿಗೊಳ್ಳುತ್ತೆ. ದಾರಕ್ಕೂ ಲೂರಿಗೂ ನಡುವೆ ಬಾಲ್ ಬೇರಿಂಗ್ ಸ್ವಿವೆಲ್ (ತಿರುಗೋ ಕೊಂಡಿ) ಹಾಕಿ. ಆಗಲೇ ಹುರಿಗೊಂಡಿದ್ದರೆ ಲೂರ್ ಬಿಚ್ಚಿ, ಬರಿದಾರ 50 ಮೀಟರ್ ಹಿಂದೆ ಬಿಟ್ಟು ಹುಟ್ಟು ಹಾಕಿ.