ಕೊಜೆನಿಯೊವ್‌ಸ್ಕಿಯವರ ಸಿಡ್ನಿ ಚಿನ್ನವನ್ನು ಹೇಗೆ ಅಳೆಯಬೇಕು?

ಪ್ರಶ್ನೆ

ಪೋಲೆಂಡಿನ ರಾಬರ್ಟ್ ಕೊಜೆನಿಯೊವ್‌ಸ್ಕಿ ರೇಸ್ ವಾಕಿಂಗ್‌ನಲ್ಲಿ ನಾಲ್ಕು ಒಲಿಂಪಿಕ್ ಚಿನ್ನ ಗೆದ್ದವರು. 50 ಕಿ.ಮೀ. ನಡಿಗೆಯಲ್ಲಿ 1996ರ ಅಟ್ಲಾಂಟಾ, 2000ದ ಸಿಡ್ನಿ, 2004ರ ಅಥೆನ್ಸ್ ಹೀಗೆ ಸತತ ಮೂರು, ಜೊತೆಗೆ ಸಿಡ್ನಿಯಲ್ಲೇ 20 ಕಿ.ಮೀ.ನಲ್ಲಿ ಒಂದು. ಅವರ ಕ್ರೀಡಾಜೀವನದ ಬಗ್ಗೆ ಓದುತ್ತಾ ಹೋದಂತೆ ಒಂದು ಸಂಗತಿ ನನ್ನನ್ನು ಬಿಡದೆ ಕಾಡುತ್ತಿದೆ. 1992ರ ಬಾರ್ಸಿಲೋನಾದ 50 ಕಿ.ಮೀ.ನಲ್ಲಿ ಎರಡನೆಯ ಸ್ಥಾನದಲ್ಲಿದ್ದ ಅವರನ್ನು, ಇನ್ನೇನು ಪದಕ ಕೈಸೇರಿತು ಎನ್ನುವಾಗ, ತೀರ್ಪುಗಾರರು ಅನರ್ಹಗೊಳಿಸಿದರು. ಎಂಟು ವರ್ಷಗಳ ಬಳಿಕ ಸಿಡ್ನಿಯ 20 ಕಿ.ಮೀ.ನಲ್ಲಿ ಮೊದಲು ಗುರಿ ಮುಟ್ಟಿದ ಮೆಕ್ಸಿಕೊದ ಬರ್ನಾರ್ಡೊ ಸೆಗುರಾ ಅನರ್ಹರಾದದ್ದರಿಂದ ಎರಡನೆಯವರಾಗಿದ್ದ ಇವರಿಗೆ ಚಿನ್ನ ಬಂತು. ತೀರ್ಪುಗಾರರ ಕಣ್ಣನ್ನು ಇಷ್ಟೊಂದು ನೆಚ್ಚಿಕೊಂಡಿರುವ ಸ್ಪರ್ಧೆಯಲ್ಲಿ ಒಬ್ಬರ ಹಿರಿಮೆಯನ್ನು ಅಳೆಯುವುದಾದರೂ ಹೇಗೆ? ಆ ಚಿನ್ನವನ್ನು ಉಳಿದ ಮೂರರ ಸಾಲಿನಲ್ಲೇ ಇಡಬಹುದೇ?

ಉತ್ತರ 1

ಖಂಡಿತ ಇಡಬಹುದು, ಇಡಲೇಬೇಕು ಎಂಬುದು ನನ್ನ ಅಭಿಪ್ರಾಯ. ಯಾಕೆಂದರೆ ಈ ಸ್ಪರ್ಧೆಯಲ್ಲಿ ವೇಗ ಮತ್ತು ನಿಯಮಪಾಲನೆ ಬೇರೆ ಬೇರೆ ಪರೀಕ್ಷೆಗಳಲ್ಲ, ಎರಡೂ ಒಂದೇ ಕೌಶಲದ ಭಾಗಗಳು.

ನಿಯಮ ಕೇಳಲು ಸರಳವಾಗಿದೆ. ಬರಿಗಣ್ಣಿಗೆ ಕಾಣುವಂತೆ ಎರಡೂ ಪಾದಗಳು ಏಕಕಾಲಕ್ಕೆ ನೆಲ ಬಿಡಬಾರದು. ಮುಂದಿಟ್ಟ ಕಾಲಿನ ಹಿಮ್ಮಡಿ ನೆಲ ಮುಟ್ಟಿದ ಕ್ಷಣದಿಂದ ಆ ಕಾಲು ದೇಹದ ಕೆಳಗೆ ಲಂಬವಾಗುವ ತನಕ ಮೊಣಕಾಲು ಮಡಚಬಾರದು. ಈ ಎರಡಕ್ಕೂ ಬದ್ಧರಾಗಿ ಹೆಜ್ಜೆಯನ್ನು ಉದ್ದ ಮಾಡಬೇಕಾದರೆ ಸೊಂಟವನ್ನು ಪ್ರತಿ ಹೆಜ್ಜೆಗೂ ಮುಂದಕ್ಕೆ ತಿರುಗಿಸಬೇಕಾಗುತ್ತದೆ; ನೋಡುಗರಿಗೆ ವಿಚಿತ್ರವೆನಿಸುವ ಆ ಸೊಂಟದ ಚಲನೆ ಬಂದಿರುವುದು ಅಲ್ಲಿಂದಲೇ. ಕೊನೆಯ ಕಿಲೋಮೀಟರುಗಳಲ್ಲಿ ತೊಡೆ ಸೋತು ಸೊಂಟ ಬಿಗಿಯಾದಾಗ ಮೊಣಕಾಲು ತಾನಾಗಿಯೇ ಸಡಿಲವಾಗುತ್ತದೆ, ಅಥವಾ ಎದುರಾಳಿಯನ್ನು ಹಿಂದಿಕ್ಕುವ ಆತುರದಲ್ಲಿ ಪಾದ ನೆಲ ಬಿಡುತ್ತದೆ. ತಪ್ಪುಗಳು ಹೆಚ್ಚಾಗಿ ಕೊನೆಗೇ ಆಗುವುದು ಈ ಕಾರಣಕ್ಕೆ.

ಒಬ್ಬ ತೀರ್ಪುಗಾರನ ಸಿಟ್ಟಿನಿಂದ ಯಾರೂ ಹೊರಬೀಳುವುದಿಲ್ಲ ಎಂಬುದನ್ನೂ ಗಮನಿಸಬೇಕು. ಒಬ್ಬ ತೀರ್ಪುಗಾರ ಒಬ್ಬ ಸ್ಪರ್ಧಿಗೆ ಒಂದೇ ಕೆಂಪು ಕಾರ್ಡು ಕೊಡಬಲ್ಲ, ಮತ್ತು ಸೆಗುರಾ ಹಾಗೂ ಕೊಜೆನಿಯೊವ್‌ಸ್ಕಿ ನಡೆಯುತ್ತಿದ್ದ ಕಾಲದಲ್ಲಿ ಮೂವರು ಬೇರೆ ಬೇರೆ ತೀರ್ಪುಗಾರರ ಕಾರ್ಡು ಸೇರಿದರೆ ಮಾತ್ರ ಅನರ್ಹತೆ. ಆ ಕಾರ್ಡುಗಳು ಮುಖ್ಯ ತೀರ್ಪುಗಾರರನ್ನು ತಲುಪುವಷ್ಟರಲ್ಲಿ ಸ್ಪರ್ಧಿ ಗುರಿ ದಾಟಿರಲೂಬಹುದು. ಸೆಗುರಾ ಅವರಿಗೆ ಆದದ್ದು ಅದೇ. ಗೆದ್ದೆನೆಂದು ನಂಬಿ, ತಮ್ಮ ದೇಶದ ಅಧ್ಯಕ್ಷರ ಅಭಿನಂದನೆಯನ್ನು ಫೋನಿನಲ್ಲಿ ಸ್ವೀಕರಿಸುತ್ತಿದ್ದಾಗ ಅವರಿಗೆ ಅನರ್ಹತೆಯನ್ನು ತಿಳಿಸಲಾಯಿತು. ಅದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ. ಆದರೆ ಆ ಕ್ರೌರ್ಯ ಇದ್ದದ್ದು ಸುದ್ದಿ ತಡವಾಗಿ ಮುಟ್ಟಿದ್ದರಲ್ಲಿ. ಕೊಜೆನಿಯೊವ್‌ಸ್ಕಿ 1 ಗಂಟೆ 18 ನಿಮಿಷ 59 ಸೆಕೆಂಡುಗಳಲ್ಲಿ, ಅಂದರೆ ಕಿಲೋಮೀಟರಿಗೆ ನಾಲ್ಕು ನಿಮಿಷಕ್ಕೂ ಕಡಿಮೆ ಸಮಯದಲ್ಲಿ, ನಿಯಮದೊಳಗೇ ನಡೆದು ಮುಗಿಸಿದ್ದರು ಎಂಬುದು ಅದರಿಂದ ಸುಳ್ಳಾಗುವುದಿಲ್ಲ.

ಉತ್ತರ 2

ಮೇಲಿನ ವಿವರಣೆಯನ್ನು ಒಪ್ಪುತ್ತೇನೆ, ಆದರೆ ಪೂರ್ತಿಯಾಗಿ ಅಲ್ಲ. ನಿಧಾನಗತಿಯ ದೃಶ್ಯಗಳನ್ನು ನೋಡಿದರೆ ಮುಂಚೂಣಿಯ ನಡಿಗೆಗಾರರಲ್ಲಿ ಬಹುತೇಕರು ಕ್ಷಣಮಾತ್ರ ನೆಲ ಬಿಡುವುದು ಕಾಣುತ್ತದೆ. ಅದು ಕ್ಯಾಮೆರಾಕ್ಕೆ ಕಂಡರೆ ತಪ್ಪಲ್ಲ, ಬರಿಗಣ್ಣಿಗೆ ಕಂಡರೆ ತಪ್ಪು. ಇಂಥ ಗಡಿಯ ಮೇಲೆ ನಿಂತ ಕ್ರೀಡೆಯಲ್ಲಿ ಸೆಗುರಾ ಅವರನ್ನು ನಿಯಮ ಮುರಿದವರೆಂದೂ ಕೊಜೆನಿಯೊವ್‌ಸ್ಕಿಯವರನ್ನು ಪಾಲಿಸಿದವರೆಂದೂ ಅಷ್ಟು ಖಚಿತವಾಗಿ ವಿಂಗಡಿಸಲು ನನಗೆ ಮನಸ್ಸಾಗದು. ಅದೇ ಸಿಡ್ನಿಯ ಮಹಿಳೆಯರ 20 ಕಿ.ಮೀ.ನಲ್ಲಿ ಆಸ್ಟ್ರೇಲಿಯಾದ ಜೇನ್ ಸ್ಯಾವಿಲ್ ಮುನ್ನಡೆಯಲ್ಲಿದ್ದು, ತವರಿನ ಪ್ರೇಕ್ಷಕರು ಕಾಯುತ್ತಿದ್ದ ಕ್ರೀಡಾಂಗಣದ ಪ್ರವೇಶದ್ವಾರದ ಹತ್ತಿರ ಅನರ್ಹರಾದರು. ಈಗ ಮೂರು ಕಾರ್ಡು ಬಿದ್ದವರನ್ನು ಬದಿಯ ವಲಯದಲ್ಲಿ ನಿಗದಿತ ಸಮಯ ನಿಲ್ಲಿಸಿ ಮತ್ತೆ ಬಿಡುವ ಪದ್ಧತಿ ಬಂದಿದೆ. 20 ಕಿ.ಮೀ.ಗೆ ಎರಡು ನಿಮಿಷ. ಹಳೆಯ ಪದ್ಧತಿ ಅತಿ ಕಠಿಣವಾಗಿತ್ತೆಂದು ಕ್ರೀಡೆಯೇ ಒಪ್ಪಿಕೊಂಡಂತಾಯಿತಲ್ಲವೇ?

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಆ 20 ಕಿ.ಮೀ.ಯನ್ನು ಬದಿಗಿಟ್ಟು ಕೇಳುತ್ತೇನೆ: ಅವರ ನಿಜವಾದ ಸಾಮರ್ಥ್ಯ ಕಾಣಬೇಕಾದರೆ ಯಾವ ಸ್ಪರ್ಧೆಯನ್ನು ನೋಡಬೇಕು?

ಉತ್ತರ 3

ಅಟ್ಲಾಂಟಾದಿಂದ ಶುರುಮಾಡಿ. ಬಾರ್ಸಿಲೋನಾದಲ್ಲಿ ಹಾಗೆ ಹೊರಬಿದ್ದ 24ರ ಯುವಕ ನಾಲ್ಕು ವರ್ಷದ ನಂತರ ಅದೇ 50 ಕಿ.ಮೀ.ಯನ್ನು 3 ಗಂಟೆ 43 ನಿಮಿಷ 30 ಸೆಕೆಂಡುಗಳಲ್ಲಿ ಗೆದ್ದ. ಎರಡನೆಯವರಾದ ರಷ್ಯಾದ ಮಿಖಾಯಿಲ್ ಶ್ಚೆನ್ನಿಕೊವ್ ಬರೀ 16 ಸೆಕೆಂಡು ಹಿಂದಿದ್ದರು. ಅಷ್ಟು ಹತ್ತಿರದಲ್ಲಿ ಎದುರಾಳಿ ಬೆನ್ನಟ್ಟುತ್ತಿರುವಾಗ, ಹಿಂದೊಮ್ಮೆ ಕೊನೆಯ ಗಳಿಗೆಯಲ್ಲೇ ಎಲ್ಲವನ್ನೂ ಕಳೆದುಕೊಂಡವರು, ಹೆಜ್ಜೆ ಕೆಡಿಸಿಕೊಳ್ಳದೆ ಗುರಿ ತಲುಪಿದ್ದು ನನಗೆ ಅವರ ಎಲ್ಲ ದಾಖಲೆಗಳಿಗಿಂತ ದೊಡ್ಡದಾಗಿ ಕಾಣುತ್ತದೆ. ಸಿಡ್ನಿಯಲ್ಲೂ 20 ಕಿ.ಮೀ.ಯ ಗದ್ದಲವೆಲ್ಲ ಮುಗಿದ ಒಂದೇ ವಾರಕ್ಕೆ 50 ಕಿ.ಮೀ.ಗೆ ಇಳಿದು, ಲಾಟ್ವಿಯಾದ ಐಗರ್ಸ್ ಫಡೆಯೆವ್ಸ್ ಅವರನ್ನು ಒಂದು ನಿಮಿಷಕ್ಕೂ ಹೆಚ್ಚು ಅಂತರದಿಂದ ಸೋಲಿಸಿದರು. ಒಂದೇ ಒಲಿಂಪಿಕ್ಸ್‌ನಲ್ಲಿ ಎರಡೂ ದೂರಗಳನ್ನು ಗೆದ್ದವರಲ್ಲಿ ಅವರೇ ಮೊದಲಿಗರು. ಆ 20 ಕಿ.ಮೀ. ಚಿನ್ನದ ಬಗ್ಗೆ ಇದ್ದ ಅನುಮಾನಕ್ಕೆ ಅವರ ಉತ್ತರವನ್ನು ನಾನು ಅಲ್ಲಿ ಕಾಣುತ್ತೇನೆ.

ಶುದ್ಧ ವೇಗವನ್ನೇ ನೋಡಬೇಕೆಂದಿದ್ದರೆ 2003ರ ಪ್ಯಾರಿಸ್ ವಿಶ್ವ ಚಾಂಪಿಯನ್‌ಷಿಪ್ ಇದೆ. 3 ಗಂಟೆ 36 ನಿಮಿಷ 3 ಸೆಕೆಂಡುಗಳ ಆಗಿನ ವಿಶ್ವದಾಖಲೆ ಎಂದರೆ ಪ್ರತಿ ಕಿಲೋಮೀಟರಿಗೆ ಸುಮಾರು 4 ನಿಮಿಷ 19 ಸೆಕೆಂಡು, ಅದೂ ಐವತ್ತು ಬಾರಿ, ಮೊಣಕಾಲು ಮಡಚದೆ. ಮರುವರ್ಷ ಅಥೆನ್ಸ್‌ನಲ್ಲಿ, 36ರ ವಯಸ್ಸಿನಲ್ಲಿ, ನಾಲ್ಕು ನಿಮಿಷಗಳಿಗೂ ಮೀರಿದ ಅಂತರದಿಂದ ಗೆದ್ದು ಸ್ಪರ್ಧೆಗಳಿಂದ ನಿವೃತ್ತರಾದರು.

ಉತ್ತರ 2ರವರ ಮಾತಿಗೆ ಒಂದೇ ತಿದ್ದುಪಡಿ: ನಿಯಮ ಮೃದುವಾದದ್ದು ಸರಿ, ಆದರೆ ಕೊಜೆನಿಯೊವ್‌ಸ್ಕಿ ಗೆದ್ದದ್ದು ಮೃದುವಾಗುವ ಮೊದಲು. ಆ 50 ಕಿ.ಮೀ. ಸ್ಪರ್ಧೆಯೇ ಈಗ ಒಲಿಂಪಿಕ್ಸ್‌ನಲ್ಲಿಲ್ಲ. ಟೋಕಿಯೊ ಕ್ರೀಡಾಕೂಟದ ಭಾಗವಾಗಿ 2021ರಲ್ಲಿ ಸಪ್ಪೊರೊದಲ್ಲಿ ನಡೆದದ್ದೇ ಕೊನೆಯದು, ಮತ್ತು ಅದನ್ನು ಗೆದ್ದವರು ಪೋಲೆಂಡಿನವರೇ ಆದ ಡೇವಿಡ್ ತೊಮಾಲಾ.