ಅಪ್‌ಡೇಟ್: ‘ಭಾಗ್ಯವಂತರಾಗಿ’ಯಲ್ಲಿ ರಾಗಿ ಎಲ್ಲಿದೆ?

ಪುರಂದರದಾಸರ ‘ರಾಗಿ ತಂದಿರಾ’ ಪದದಲ್ಲಿ ‘ಯೋಗ್ಯರಾಗಿ, ಭೋಗ್ಯರಾಗಿ, ಭಾಗ್ಯವಂತರಾಗಿ ನೀವು’ ಅಂದರೆ ಧಾನ್ಯವೋ ಹಾರೈಕೆಯೋ ಎಂದು ಕೇಳಿದ್ದೆ. ಎರಡೂ ಹೌದು.

ಬಿಡಿಸಿದರೆ ಭಾಗ್ಯವಂತರು + ಆಗಿ. ಲೋಪಸಂಧಿಯಲ್ಲಿ ಉಕಾರ ಬಿದ್ದು, ಕೊನೆಗೆ ಕಿವಿಗೆ ‘ರಾಗಿ’ ಉಳಿಯುತ್ತದೆ. ತಮಾಷೆ ಅಂದರೆ ‘ಆಗಿ’ಯೂ ಇಬ್ಬಂದಿ: ‘ಆಗಿರಿ’ ಎಂಬ ವಿಧಿಯೂ ಹೌದು, ‘ಆಗಿದ್ದುಕೊಂಡು’ ಎಂಬ ಅರ್ಥವೂ ಹೌದು. ಎರಡನ್ನೂ ಆ ಜಾಗದಲ್ಲಿಟ್ಟು ನೋಡಿ, ಸಾಲು ಮುರಿಯಲ್ಲ. ಪಲ್ಲವಿಯ ‘ರಾಗಿ’ಗೆ ಮಾತ್ರ ಈ ಗೊಂದಲವಿಲ್ಲ, ‘ತಂದಿರಾ’ಕ್ಕೆ ಕರ್ಮಪದ ಬೇಕು, ಅದು ಕಾಳೇ.

ಹಾಡುವಾಗ ‘ಭಾಗ್ಯವಂತ’ ಎಂದು ಉಸಿರು ಕಡಿದರೆ ಹಾರೈಕೆ ಸಾಯುತ್ತದೆ. ‘ರಾ’ ತೇಲಿಸಿಬಿಟ್ಟರೆ ಶ್ಲೇಷೆ ಹೋಯ್ತು. ಒಂದೇ ಉಸಿರು, ‘ರಾ’ ಮೇಲೆ ಸಣ್ಣ ಒತ್ತು. ರಾಗಿಮುದ್ದೆಯ ಮಂಡ್ಯದಲ್ಲಿ ಅಷ್ಟಾದರೆ ಕೇಳುಗರಿಗೆ ವಿವರಣೆಯೇ ಬೇಡ.